ಟಾಪಿನ ಕಡೆಯ ಬೆಸುಗೆ

ಆಳಂದ
12 ನವೆಂಬರ್ 1990

ಅಕ್ಕಾ,

ನಾನು ಆರಾಮ ಇದ್ದೇನೆ ಎಂದು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನೀನು ನನ್ನ ಅಕ್ಷರ ಕಂಡ ಕೂಡಲೇ ಕಾಗದದ ಕೊನೆಗೆ ಓಡುತ್ತೀ. ಗ್ಯಾರೇಜಿನಲ್ಲೇ ಇದ್ದೇನೆ. ಲಾರಿ ಕ್ಲೀನರ್ ಕೆಲಸ ಬಿಟ್ಟ ಹಾಗೆ, ಟಾಕೀಸಿನ ಕೆಲಸ ಬಿಟ್ಟ ಹಾಗೆ ಇದನ್ನು ಇನ್ನೂ ಬಿಟ್ಟಿಲ್ಲ. ಆದರೆ ಬಿಡಿಸುವಂಥದ್ದು ಒಂದು ಬಂದಿದೆ. ಪೂರ್ತಿ ಓದಿ ಆಮೇಲೆ ಬೈ.

ಅಫಜಲಪುರದ ದೇವೀಂದ್ರಪ್ಪಗೌಡರು ನಮ್ಮಲ್ಲಿ ಜೀಪು ರಿಪೇರಿಗೆ ಬಿಡುತ್ತಾರೆ. ಅವರು ಫೆಬ್ರುವರಿಯಲ್ಲಿ ಹೈದರಾಬಾದಿನಿಂದ ಹೊರಡುವ ಕಾರ್ ರ‍್ಯಾಲಿಗೆ ಹೆಸರು ಕೊಟ್ಟಿದ್ದಾರೆ. ಮಣ್ಣಿನ ಹಾದಿ, ಹಳ್ಳ, ಗುಡ್ಡ ಅನ್ನದೆ ಜೋರಾಗಿ ಓಡಿಸುವ ಪಂದ್ಯ ಅದು. ಓಡಿಸುವವನ ಪಕ್ಕದಲ್ಲಿ ಇನ್ನೊಬ್ಬ ಕುಳಿತು, ಮುಂದೆ ಯಾವ ತಿರುವು ಬರುತ್ತದೆ ಎಂದು ಚಾರ್ಟ್ ನೋಡಿ ಕೂಗಬೇಕು. ಆ ಇನ್ನೊಬ್ಬ ನಾನು! "ನೀ ಮೆಟ್ರಿಕ್ ಪಾಸ್ ಆಗೀದಿ. ಓದಾಕೂ ಬರ್ತದ, ಗಾಡಿನೂ ತಿಳೀತದ. ಮತ್ಯಾಂವ ಬೇಕಲೇ ನನಗ?" ಎಂದರು.

ಮೊನ್ನೆ ಖಜೂರಿಗೆ ಹೋಗಿ ಒಂದು ಹಳೆಯ ರ‍್ಯಾಲಿ ಕಾರು ನೋಡಿ ಬಂದೆವು. ಫಿಯೆಟ್. ಸೊಲ್ಲಾಪುರ ಕಡೆಯ ಪಾಂಡುರಂಗ ಎಂಬ ದಲ್ಲಾಳಿ ಅದನ್ನು ಲಾರಿಗಳು ನಿಲ್ಲುವ ಧಾಬಾದ ಹಿಂದೆ ನಿಲ್ಲಿಸಿದ್ದ. ಒಳಗೆ ಕಬ್ಬಿಣದ ಪೈಪಿನ ಪಂಜರ ಕೂಡಿಸಿದ್ದಾರೆ. ಮುಂದೆ ಗಾಜಿನ ಬದಿಗೆ ಒಂದು ಕಮಾನು, ಸೀಟಿನ ಹಿಂದೆ ಒಂದು ಕಮಾನು, ತಲೆಯ ಮೇಲೆ ಅವೆರಡನ್ನೂ ಹಿಡಿದ ಪೈಪುಗಳು. ಕೇಜ್ ಅನ್ನುತ್ತಾರೆ. ಗಾಡಿ ಪಲ್ಟಿಯಾದರೆ ಟಾಪು ಕುಸಿದು ತಲೆಯ ಮೇಲೆ ಕೂರದಂತೆ ತಡೆಯುವುದು ಇದೇ. ಪೈಪು ಪೈಪು ಸೇರುವಲ್ಲಿ ವೆಲ್ಡಿಂಗ್ ಗಟ್ಟಿ ಇದ್ದರೆ ಜೀವ ಉಳಿಯುತ್ತದೆ.

"ಕೇಜ್ ನೋಡ್ರಿ ಮಾಲಕ, ಆನಿ ಕುಂತ್ರೂ ಬಗ್ಗೂದಿಲ್ಲ" ಎಂದ ಪಾಂಡುರಂಗ.

"ಆನಿ ಕುಂದ್ರೂದಿಲ್ಲೋ ಮಾರಾಯಾ, ನಾ ಕುಂದ್ರಾಂವ" ಎಂದರು ಗೌಡರು. "ನಮ್ಮ ಗುರಣ್ಣ ನೋಡ್ಲಿ. ಇವನ ಮಾಮಾ, ಅಕ್ಕನ ಗಂಡ, ಜೇವರ್ಗಿಯೊಳಗ ಕಬ್ಬಿನ ಟ್ರಾಲಿ ವೆಲ್ಡಿಂಗ್ ಮಾಡ್ತಾನ. ಆ ಮನಿ ಹುಡುಗಗ ತಿಳೀದಿದ್ರ ಮತ್ಯಾರಿಗಿ ತಿಳೀತದ?"

ಧಾಬಾದಲ್ಲಿದ್ದ ಡ್ರೈವರುಗಳೆಲ್ಲ ನನ್ನ ಕಡೆ ತಿರುಗಿದರು. ನನಗೆ ತಿಳಿಯುವುದಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ ಅಕ್ಕಾ. "ಮುಂದಿನ ವಾರ ಹತ್ಯಾರ ತಗೊಂಡು ಬಂದು ನೋಡ್ತೇನ್ರಿ" ಎಂದುಬಿಟ್ಟೆ.

ವೆಲ್ಡಿಂಗ್ ಹೇಗೆ ನೋಡಬೇಕು ಎಂದು ಮಾಮಾನನ್ನು ಕೇಳಿ ಕೂಡಲೇ ಬರೆ. ಊರಲ್ಲಿ, ಸರಸಂಬಾದಲ್ಲಿರುವ ಅವ್ವನಿಗೆ ಏನೂ ತಿಳಿಸಬೇಡ.

ನಿನ್ನ ತಮ್ಮ
ಗುರಣ್ಣ


ಜೇವರ್ಗಿ
16 ನವೆಂಬರ್ 1990

ಗುರಣ್ಣಾ,

ನಿನ್ನ ಕಾಗದವನ್ನು ಅಂಗಡಿಯ ಮುಂದೆ ನಿಂತೇ ನಿನ್ನ ಮಾಮಾನಿಗೆ ಓದಿ ಹೇಳಿದೆ. ಅವರು ಟ್ರಾಲಿಯ ಕೆಳಗೆ ಮಲಗಿದ್ದರು, ಕಾಲು ಮಾತ್ರ ಕಾಣುತ್ತಿತ್ತು. ಕಬ್ಬಿನ ಹಂಗಾಮು, ಹೊರಗೆ ಬರಲೂ ಪುರಸೊತ್ತಿಲ್ಲ. ಅಲ್ಲಿಂದಲೇ ಅವರು ಕೂಗಿ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ.

"ಮೊದಲ ಹತೋಡಿ ತಗೊಂಡು ಒಂದೊಂದ ಜಾಯಿಂಟಿಗೂ ಬಡದು ನೋಡಂತ ಬರಿ. ಘಟ್ಟಿ ಇದ್ರ ಠಣ್ ಅಂತದ. ಬಿಟ್ಟಿದ್ರ ಬದ್ ಅಂತದ. ಬರದಿ?"

"ಬರದೇನ್ರಿ."

"ವೆಲ್ಡಿಂಗ್ ಬೆರಳಿನಷ್ಟು ದಪ್ಪ ಇರ್ಬೇಕು. ವೆಲ್ಡಿಂಗ್ ರಾಡ್ ಉಳಸಾಕ ಹೋದಾಂವನ ಕೆಲಸ ನಂಬಬ್ಯಾಡ. ಬಣ್ಣ ಕೆರದು ನೋಡು, ಸೂಜಿ ತೂತು ಇದ್ರ ಗಾಡಿ ಬ್ಯಾಡ."

"ಇಷ್ಟ ನೋಡಿದ್ರ ಸಾಕೇನ್ರಿ? ಜೀವದ ಪ್ರಶ್ನಿ ಅದ."

"ಹುಟ್ಟಿದಾಗಿಂದ ಇಷ್ಟ ನೋಡಿ ಕೆಲಸಾ ಮಾಡೇನಿ. ನಾ ಮಾಡಿದ ಟ್ರಾಲಿ ಒಂದರ ಬಿಟ್ಟದೇನು? ನಿನ್ನ ತಮ್ಮಗ ಹೇಳು, ಬ್ಯಾರೆದವರ ಮುಂದ ನನ್ನ ಹೆಸರು ತಗೊಂಡಾನ, ಮಾನ ಉಳಸಂತ."

ಅವರ ಮಾತು ಇಲ್ಲಿಗೆ ಮುಗಿಯಿತು. ಇನ್ನು ನನ್ನದು. ಉರುಳುತ್ತದೆ ಎಂದು ಗೊತ್ತಿದ್ದೇ ಪಂಜರ ಕಟ್ಟಿಟ್ಟ ಗಾಡಿಯಲ್ಲಿ ನೀನು ಹೋಗಿ ಕೂರುತ್ತೀಯಾ? ಹೋದ ವರ್ಷ ನಮ್ಮ ಬಸ್ ಸ್ಟ್ಯಾಂಡಿನ ಆಚೆ ಒಂದು ಜೀಪು ಪಲ್ಟಿಯಾಗಿತ್ತು. ಟಾಪು ಸೀಟಿಗೆ ಹತ್ತಿತ್ತು. ಒಳಗಿದ್ದವರನ್ನು ನಾನು ನೋಡಲಿಲ್ಲ. ನೋಡಿ ಬಂದವರು ಊಟಕ್ಕೆ ಕೂರದೆ ಎದ್ದು ಹೋದದ್ದನ್ನು ನೋಡಿದೆ. ನಿನ್ನ ಕಾಗದ ಓದುವಾಗ ಅದೇ ಕಣ್ಣ ಮುಂದೆ ಬಂತು.

ಬಡಿದಾಗ ಒಂದೇ ಒಂದು ಜಾಯಿಂಟು ಬದ್ ಎಂದರೂ ಎದ್ದು ಬಾ.

ಶಿವಕಾಂತಾ


ಆಳಂದ
24 ನವೆಂಬರ್ 1990

ಅಕ್ಕಾ,

ಒಂದೂ ಬದ್ ಅನ್ನಲಿಲ್ಲ!

ಎಲ್ಲ ಜಾಯಿಂಟಿಗೂ ಬಡಿದೆ. ಎಲ್ಲವೂ ಠಣ್ ಎಂದವು. "ಗುಡ್ಯಾಗ ಗಂಟಿ ಬಡದಂಗ ಬಡ್ಯಾಕತ್ತಿಯಲ್ಲೋ ತಮ್ಮಾ, ದೇವರು ಎದ್ದು ಬರ್ತಾನ ನೋಡು" ಎಂದು ಪಾಂಡುರಂಗ ಕಿಚಾಯಿಸಿದ. ನಾನು ಲೆಕ್ಕಿಸಲಿಲ್ಲ. ಬಣ್ಣ ಕೆರೆದು ನೋಡಿದೆ, ತೂತಿಲ್ಲ. ವೆಲ್ಡಿಂಗ್ ಬೆರಳಿಗಿಂತ ದಪ್ಪ ಇತ್ತು, ರಾಡಿನ ಮೇಲೆ ರಾಡು ಸುರಿದಿದ್ದಾರೆ. ತಲೆಯ ಮೇಲಿನ ಪೈಪುಗಳು ಮಾತ್ರ ಟಾಪಿಗೆ ಒಳಗಿನಿಂದ ಹೊಡೆದ ಬಟ್ಟೆಗೆ ಒತ್ತಿಕೊಂಡೇ ಇದ್ದವು. ಕಾಣುವಷ್ಟನ್ನು ನೋಡಿದೆ, ಅಲ್ಲೂ ದಪ್ಪವೇ ಇತ್ತು.

"ಏನಂತಿ?" ಎಂದರು ಗೌಡರು.

"ಘಟ್ಟಿ ಅದರಿ" ಎಂದೆ.

ಅಷ್ಟೇ ಅಕ್ಕಾ. ನನ್ನ ಮಾತಿನ ಮೇಲೆ ಗಾಡಿ ತೆಗೆದುಕೊಂಡರು. ಹತ್ತನೇ ತರಗತಿ ಪಾಸಾದಾಗಲೂ ನನಗೆ ಇಷ್ಟು ಬೆಲೆ ಬಂದಿರಲಿಲ್ಲ. ಹೊರಡುವಾಗ ಪಾಂಡುರಂಗ ಟಾಪಿನ ಮೇಲೆ ಕೈಯಾಡಿಸಿ, "ಒಯ್ರಿ ಮಾಲಕ, ಚಲೋ ಗಾಡಿ. ಪಲ್ಟಿ ಒಂದ್ ಮಾಡಬ್ಯಾಡ್ರಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಳಂದ ಬರುವವರೆಗೆ ಆ ಮಾತು ಕಿವಿಯಲ್ಲೇ ಇತ್ತು. ಈಗ ಹೋಗಿದೆ.

ಮಾಮಾನಿಗೆ ಹೇಳು, ಮಾನ ಉಳಿದಿದೆ. ನಾಳೆಯಿಂದ ಅಫಜಲಪುರದಲ್ಲಿ ಗೌಡರ ತೋಟದ ಮನೆಯಲ್ಲೇ ಇರುತ್ತೇನೆ. ಅಲ್ಲಿಗೇ ಬರೆ.

ಗುರಣ್ಣ


ಅಫಜಲಪುರ
18 ಡಿಸೆಂಬರ್ 1990

ಅಕ್ಕಾ,

ಈ ಕಾಗದವನ್ನು ಅಂಗಡಿಯ ಮುಂದೆ ನಿಂತು ಓದಬೇಡ. ಮಾಮಾ ಒಬ್ಬರೇ ಇದ್ದಾಗ ಓದು.

ಗಾಡಿ ಓಡಿಸುವಾಗ ತಲೆಯ ಮೇಲೆ ಏನೋ ಕಟಕಟ ಎನ್ನುತ್ತಿತ್ತು. ಟಾಪಿನ ಬಟ್ಟೆಯ ಹಿಂದೆ ಸ್ಕ್ರೂ ಬಿದ್ದಿರಬೇಕು ಎಂದು ಗೌಡರು ಪೇಟೆಗೆ ಹೋದಾಗ ಬಟ್ಟೆ ಬಿಚ್ಚಿದೆ. ಸ್ಕ್ರೂ ಸಿಕ್ಕಿತು. ಅದನ್ನು ಎತ್ತಿಕೊಳ್ಳುವಾಗ ಪೈಪಿನ ಮೇಲ್ಬದಿಗೆ ಬೆರಳು ತಾಗಿತು. ಕೆಳಗೆ ಬೆರಳಿನಷ್ಟು ದಪ್ಪ ಇದ್ದ ವೆಲ್ಡಿಂಗು ಮೇಲೆ ಕೈಗೆ ಹತ್ತಲಿಲ್ಲ. ನುಣ್ಣಗೆ ಇತ್ತು. ಹಾಗೆ ನುಣ್ಣಗೆ ವೆಲ್ಡಿಂಗ್ ಇರುವುದಿಲ್ಲ. ಸ್ಕ್ರೂಡ್ರೈವರಿನಿಂದ ಕೆರೆದೆ. ಸುಣ್ಣದ ಹಾಗೆ ಪುಡಿ ಉದುರಿ ತುದಿ ಒಳಗೆ ಹೋಯಿತು. ಪುಟ್ಟಿ! ಡೆಂಟಿಂಗ್ ಕೆಲಸದಲ್ಲಿ ತಗ್ಗು ಮುಚ್ಚುತ್ತೇವಲ್ಲ, ಆ ಪುಟ್ಟಿ ತುಂಬಿ ಮೇಲೆ ಬಣ್ಣ ಹೊಡೆದಿದ್ದಾರೆ.

ಪೈಪಿಗೂ ಟಾಪಿಗೂ ನಡುವೆ ರಾಡು ಹಿಡಿಯುವಷ್ಟು ಜಾಗ ಇಲ್ಲ. ಅದಕ್ಕೇ ಪೈಪಿನ ಅರ್ಧ ಸುತ್ತಿಗೆ ಮಾತ್ರ ವೆಲ್ಡಿಂಗ್ ಆಗಿದೆ. ಅರ್ಧ ಹಿಡಿದಿದ್ದರೂ ಬಡಿದರೆ ಠಣ್ ಅನ್ನುತ್ತದೆ ಅಕ್ಕಾ. ತಲೆಯ ಮೇಲಿನ ಜಾಯಿಂಟು ಎಲ್ಲವೂ ಹಾಗೇ ಇವೆ. ನೋಡಿದ ಮೇಲೆ ಗಾಡಿಯೊಳಗೇ ಕೂತುಬಿಟ್ಟೆ. ಆಮೇಲೆ ಅದರೊಳಗೆ ಕೂತಿದ್ದೇನೆ ಎಂದು ನೆನಪಾಗಿ ಹೊರಗೆ ಜಿಗಿದೆ.

ಬಟ್ಟೆಯನ್ನು ಮತ್ತೆ ಮೊದಲಿನ ಹಾಗೆ ಹೊಡೆದಿಟ್ಟೆ. ಯಾಕೆ ಹಾಗೆ ಮಾಡಿದೆ ಎಂದು ಗೊತ್ತಿಲ್ಲ.

ಗೌಡರು ಪೇಟೆಯಿಂದ ಪೇಂಟರನನ್ನು ಕರೆದುಕೊಂಡು ಬಂದರು. ಬಾಗಿಲ ಮೇಲೆ ತಮ್ಮ ಹೆಸರು ಬರೆಸಿ, ಅದರ ಕೆಳಗೆ ನನ್ನ ಹೆಸರನ್ನೂ ಬರೆಸಿದರು. ಅಕ್ಷರ ಒಣಗುವವರೆಗೆ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದರು.

ಅರ್ಧ ವೆಲ್ಡಿಂಗ್ ತಡೆಯುತ್ತದೆಯೋ ಇಲ್ಲವೋ ಮಾಮಾನನ್ನು ಕೇಳು. ತಡೆಯುತ್ತದೆ ಎಂದು ಹೇಳಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ಗುರಣ್ಣ


ಜೇವರ್ಗಿ
24 ಡಿಸೆಂಬರ್ 1990

ಗುರಣ್ಣಾ,

ತಡೆಯುವುದಿಲ್ಲವಂತೆ.

ಓದಿ ಹೇಳಿದಾಗ ನಿನ್ನ ಮಾಮಾ ಉಣ್ಣುವುದನ್ನು ಬಿಟ್ಟು ಕೈ ತೊಳೆದುಕೊಂಡು ಹೋಗಿ ಅಂಗಡಿಯ ಕಟ್ಟೆಯ ಮೇಲೆ ಕೂತರು. ಗಿರಾಕಿ ಕರೆದರೂ ಏಳಲಿಲ್ಲ. ಮರುದಿನ ತಾವಾಗಿಯೇ ಮಾತು ತೆಗೆದರು.

"ಅರ್ಧಾ ಹಿಡದ ಜಾಯಿಂಟು ಬಾಗಲಾ ತೆರದಂಗ ತೆರೀತದ. ಟಾಪ್ ಮ್ಯಾಲಿಂದ ಒತ್ತಿದ್ರ ಪೈಪ್ ಕಳಚಿ ಕೆಳಗ ಬರ್ತದ. ಪಂಜರ ಇಲ್ಲದಿದ್ದರ ಬರೇ ತಗಡಾ ಬರ್ತಿತ್ತು, ಈಗ ಪೈಪೂ ಬರ್ತದ."

"ಹಂಗಾರ ನೀವ್ಯಾಕ ಬಡದ ನೋಡಂತ ಹೇಳಿದ್ರಿ?" ಎಂದೆ. ಎಂದ ಮೇಲೆ ಅನ್ನಬಾರದಿತ್ತು ಅನ್ನಿಸಿತು.

"ಟ್ರಾಲಿಗಿ ಟಾಪ್ ಎಲ್ಲದ? ಸುತ್ತಲೂ ಕೈ ಆಡ್ತದ, ಸುತ್ತಲೂ ವೆಲ್ಡ್ ಮಾಡ್ತೇನಿ. ಕೈ ಹೋಗಲಾರದ ಜಾಗಾ ಇರ್ತದಂತ ನನ್ನ ತಲಿಗೇ ಬರ್ಲಿಲ್ಲ. ಮತ್ತ ಟ್ರಾಲಿ ಪಲ್ಟಿ ಆದ್ರ ಒಳಗ ಕಬ್ಬು ಇರ್ತದ." ಆಮೇಲೆ ಹೇಳಿದರು: "ಇವತ್ತೇ ಗೌಡಗ ಹೇಳಂತ ಬರಿ. ತಪ್ಪು ನಂದು ಅಂತ ಹೇಳಂತ ಬರಿ. ಟಾಪ್ ಕೊಯ್ದು ತಗದ್ರ ನಾನೇ ಬಂದು ಮ್ಯಾಲಿಂದ ವೆಲ್ಡ್ ಮಾಡಿಕೊಡ್ತೇನಿ."

ಅವರು ತಪ್ಪು ನಂದು ಎಂದದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿಲ್ಲ. ಕೇಳಿ ನನಗೆ ಸಮಾಧಾನ ಆಗಲಿಲ್ಲ, ಇನ್ನಷ್ಟು ಅಂಜಿಕೆ ಆಯಿತು.

ಹೇಳು ಗುರಣ್ಣಾ. ಹೇಳಿ ಬಾ. ಗೌಡರು ಬೈದರೆ ಬೈಯಲಿ. ಬೈಸಿಕೊಂಡು ಬರುವುದಕ್ಕೆ ನೀನು ಇರುತ್ತೀ.

ಶಿವಕಾಂತಾ


ಅಫಜಲಪುರ
5 ಜನವರಿ 1991

ಅಕ್ಕಾ,

ಹೇಳಿಲ್ಲ.

ನಿನ್ನ ಕಾಗದ ಬಂದ ದಿನವೇ ಹೇಳಲು ಹೋದೆ. ಗೌಡರ ಸುತ್ತ ಮಂದಿ ಇದ್ದರು. ನನ್ನನ್ನು ನೋಡಿದ ಕೂಡಲೇ, "ಬಾಲೇ ಗುರಣ್ಣಾ. ನೋಡ್ರಿ, ಈ ಹುಡುಗ ಪಾಸ್ ಮಾಡಿದ ಗಾಡಿ ಅದ. ಕಿವಿಯಿಂದ ಕಬ್ಬಿಣಾ ಓದ್ತಾನ ಮಗ" ಎಂದರು. ಬೇರೇನೋ ಹೇಳಿ ವಾಪಸು ಬಂದೆ. ಮಾಮಾನ ತಪ್ಪು ಎಂದು ಹೇಳಲು ಮನಸ್ಸು ಬರುವುದಿಲ್ಲ. ನನ್ನ ತಪ್ಪು ಎಂದು ಹೇಳಲು ಧೈರ್ಯ ಬರುವುದಿಲ್ಲ. ಇವತ್ತು ಇಂಜಿನ್ ಕೆಡಲಿ, ನಾಳೆ ಟಯರು ಸಿಗದಿರಲಿ, ರ‍್ಯಾಲಿಯೇ ರದ್ದಾಗಲಿ ಎಂದು ಕಾಯುತ್ತಿದ್ದೇನೆ. ಯಾವುದೂ ಆಗುತ್ತಿಲ್ಲ.

ಮೊನ್ನೆ ಗಾಣಗಾಪುರದ ಹಾದಿಯಲ್ಲಿ ಪೂರಾ ಜೋರಿನಲ್ಲಿ ಓಡಿಸಿ ನೋಡುವುದು ಎಂದಾಯಿತು. ಹೊರಡುವ ಮುಂಚೆ ಗೌಡರ ತಾಯಿ ಸುಮಿತ್ರಾಬಾಯಿ ವಿಭೂತಿ ತಂದರು. ಮಗನ ಹಣೆಗೆ ಹಚ್ಚಿದರು, ನನ್ನ ಹಣೆಗೆ ಹಚ್ಚಿದರು. ಆಮೇಲೆ ಒಳಗೆ ಬಗ್ಗಿ ತಲೆಯ ಮೇಲಿನ ಪೈಪಿಗೂ ಹಚ್ಚಿದರು. ಸರಿಯಾಗಿ ಜಾಯಿಂಟಿನ ಮೇಲೆಯೇ, ಕೆಳಬದಿಗೆ.

"ನನ್ನ ಮಗ ಯಾರ ಮಾತೂ ಕೇಳಂಗಿಲ್ಲ ತಮ್ಮಾ. ನೀ ಹೇಳು. ಇದು ಘಟ್ಟಿ ಅದನ?" ಎಂದು ಕೇಳಿದರು.

"ಹೌದ್ರೀ ಅವ್ವಾರ" ಎಂದೆ.

ಹೊರಟೆವು. ಚಾರ್ಟ್ ಓದಬೇಕಾದವನು ನಾನು ಮೇಲೆಯೇ ನೋಡುತ್ತಿದ್ದೆ. ಗಾಡಿ ಕುಣಿದಾಗೆಲ್ಲ ಬಟ್ಟೆಯ ಹಿಂದೆ ಪುಟ್ಟಿ ಬಿರಿಯುವ ಸಪ್ಪಳ ಕೇಳಿದ ಹಾಗಾಗುತ್ತಿತ್ತು. ಕಾಲುವೆಯ ಏರಿಯ ತಿರುವು ಬಂತು. ನಾನು ಕೂಗುವುದು ತಡವಾಯಿತು. ಗೌಡರು ಸ್ಟೇರಿಂಗ್ ತಿರುಗಿಸಿದ ರಭಸಕ್ಕೆ ನನ್ನ ಕಡೆಯ ಗಾಲಿಗಳು ನೆಲ ಬಿಟ್ಟವು. ಕಿಟಕಿಯಲ್ಲಿ ಬರೀ ಆಕಾಶ ಕಂಡಿತು ಅಕ್ಕಾ. ನಾನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡೆ. ದೇವರ ಹೆಸರೂ ಬಾಯಿಗೆ ಬರಲಿಲ್ಲ. ಗಾಡಿ ಧಪ್ ಎಂದು ಮತ್ತೆ ನೆಲಕ್ಕೆ ಬಂತು.

ಗೌಡರು ಬಿದ್ದು ಬಿದ್ದು ನಕ್ಕರು. "ಅಂಜಿದೇನಲೇ? ಕೇಜ್ ಅದ ಅಲ್ಲ!" ಎಂದರು.

ಸಾಯುವುದಕ್ಕಿಂತ ಹೇಳುವುದಕ್ಕೆ ಹೆಚ್ಚು ಅಂಜುವವನು ನಾನೊಬ್ಬನೇ ಇರಬೇಕು.

ಗುರಣ್ಣ


ಜೇವರ್ಗಿ
11 ಜನವರಿ 1991

ಗುರಣ್ಣಾ,

ನಿನ್ನ ಕಾಗದವನ್ನು ಮಾಮಾನಿಗೆ ಓದಿ ಹೇಳಿಲ್ಲ. ಓದಲು ಆಗಲಿಲ್ಲ.

ಒಂದೇ ಮಾತು. ಆ ತಾಯಿ ನಿನ್ನನ್ನು ಕೇಳಿದ್ದಾರೆ. ಅವರ ಮಗ ಬದುಕಿರುವಾಗಲೇ ಉತ್ತರ ಕೊಡು.

ಶಿವಕಾಂತಾ


ಆಳಂದ
24 ಜನವರಿ 1991

ಅಕ್ಕಾ,

ನಾನು ಆಳಂದಕ್ಕೆ ವಾಪಸು ಬಂದಿದ್ದೇನೆ. ಗೌಡರೂ ಬದುಕಿದ್ದಾರೆ. ಇದನ್ನು ಮೊದಲು ತಿಳಿದುಕೋ, ಉಳಿದದ್ದನ್ನು ಆಮೇಲೆ ಓದು.

ನಿನ್ನ ಕಾರ್ಡು ಬಂದ ಮಧ್ಯಾಹ್ನವೇ ಗೌಡರನ್ನು ಗಾಡಿಯ ಹತ್ತಿರ ಕರೆದೆ. ಟಾಪಿನ ಬಟ್ಟೆ ಹರಿದೆ, ಪುಟ್ಟಿ ಕೆರೆದೆ, ಬ್ಯಾಟರಿ ಬೆಳಕು ಹಿಡಿದು ತೋರಿಸಿದೆ. ಅವರು ಒಳಗೆ ಬಗ್ಗಿ ಬಹಳ ಹೊತ್ತು ನೋಡಿದರು.

"ಇದ ನಿನಗ ಯಾವಾಗ ಗೊತ್ತಾತು?"

"ಹೋದ ತಿಂಗಳರಿ."

"ಗಾಣಗಾಪುರದ ಹಾದ್ಯಾಗ ಗಾಡಿ ಎದ್ದಿತ್ತಲ್ಲ, ಅವತ್ತ ಗೊತ್ತಿತ್ತು?"

"ಗೊತ್ತಿತ್ರಿ."

"ಗೊತ್ತಿದ್ದೂ ನನ್ನ ಬಾಜೂಕ ಕುಂತಿದ್ದಿ?"

"ಹೌದ್ರಿ."

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ. ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿದರು, ಹುಚ್ಚುನಾಯಿ ಕಂಡವರ ಹಾಗೆ. ಅವರ ಮುಖ ಬೂದಿಯಾಗಿತ್ತು. ಅಷ್ಟು ದೊಡ್ಡ ಮನುಷ್ಯ ಅಂಜಿದ್ದನ್ನು ಅವತ್ತೇ ನೋಡಿದ್ದು.

ಮಾಮಾ ಹೇಳಿದ್ದನ್ನು ಹೇಳಿದೆ. ಟಾಪು ಕೊಯ್ದು ಮೇಲಿನಿಂದ ವೆಲ್ಡ್ ಮಾಡಬಹುದು ಎಂದೆ. ಅಷ್ಟರಲ್ಲಿ ಸುಮಿತ್ರಾಬಾಯಿ ಹೊರಗೆ ಬಂದಿದ್ದರು. ನನ್ನನ್ನು ನೋಡಲೂ ಇಲ್ಲ. ಮಗನಿಗೆ ಹೇಳಿದರು: "ರ‍್ಯಾಲಿ ಗೀಲಿ ಮುಗೀತು. ಆ ಗಾಡಿ ನನ್ನ ಅಂಗಳದಾಗ ಕಾಣಬಾರ್ದು. ಯಾರಿಗರ ಕೊಟ್ಟು ಕಳಸು."

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು.

ಗುಲಬರ್ಗಾದಿಂದ ವ್ಯಂಕಟೇಶ ಎಂಬ ಹುಡುಗ ಗಾಡಿ ನೋಡಲು ಬರುತ್ತಾನೆ ಎಂದು ಗೊತ್ತಾಯಿತು. ನನ್ನದೇ ವಯಸ್ಸು, ಅವನಿಗೂ ರ‍್ಯಾಲಿಯ ಹುಚ್ಚು. ನಿನ್ನೆ ಮುಂಜಾನೆ ಗೌಡರು ನನ್ನನ್ನು ಕರೆದು, "ಪುಟ್ಟಿ ತುಂಬಿ ಬಣ್ಣಾ ಹೊಡದು, ಬಟ್ಟಿ ಮೊದಲಿನಂಗ ಕೂಡಸು" ಎಂದರು.

"ಗೌಡ್ರ, ಆ ಹುಡುಗ..."

"ನಮಗ್ಯಾರ ಹೇಳಿದ್ರು? ಕೊಳ್ಳಾಂವ ನೋಡ್ಕೋತಾನ. ತಿಂಗಳಗಟ್ಲೆ ಸುಮ್ಕ ಕುಂತಾಂವ ನೀ, ಇವತ್ತ ನನಗ ನ್ಯಾಯ ಹೇಳಬ್ಯಾಡ."

ಪುಟ್ಟಿ ಕಲಸಿದೆ. ತುಂಬಿದೆ. ಬೆರಳಿನಿಂದ ಸವರಿ ನುಣ್ಣಗೆ ಮಾಡಿದೆ. ಮೊದಲು ತುಂಬಿದವನಿಗಿಂತ ಚೆನ್ನಾಗಿಯೇ ಬಂತು. ಆ ಮನುಷ್ಯ ಎಂಥವನೋ ಎಂದು ಇಷ್ಟು ದಿನ ಶಾಪ ಹಾಕಿದ್ದೆ. ನನ್ನಂಥವನೇ ಇದ್ದಿರಬೇಕು. ಯಾರೋ ಹೇಳಿದ್ದಾರೆ, ಮಾಡಿದ್ದಾನೆ. ಬಟ್ಟೆಯನ್ನು ಮಾತ್ರ ಒಂದು ಮೂಲೆಯಲ್ಲಿ ಹೊಡೆಯದೆ ಹಾಗೇ ಬಿಟ್ಟೆ. ಬೇಕೆಂದೇ ಬಿಟ್ಟೆನೋ, ಮರೆತು ಬಿಟ್ಟೆನೋ, ನನಗೇ ತಿಳಿಯದು.

ವ್ಯಂಕಟೇಶ ಬಂದ. ಗೌಡರ ಮುಂದೆಯೇ ಗಾಡಿಯ ಸುತ್ತ ತಿರುಗಿದ. ಸ್ಪ್ಯಾನರ್ ತೆಗೆದುಕೊಂಡು ಪೈಪಿಗೆ ಬಡಿದ. ಠಣ್ ಎಂದಿತು. ಅವನ ಮುಖ ಅರಳಿತು. ಬಾಗಿಲ ಮೇಲಿನ ನನ್ನ ಹೆಸರು ಓದಿ ನನ್ನ ಕಡೆ ಬಂದ.

"ಅಣ್ಣಾ, ಇದ್ರಾಗ ನೀವೂ ಕುಂತೀರಿ ಅಂತಲ್ರಿ. ಕೇಜ್ ಘಟ್ಟಿ ಅದನ್ರಿ?"

ಗೌಡರು ನನ್ನನ್ನೇ ನೋಡುತ್ತಿದ್ದರು. ಹೌದು ಎಂಬ ಮಾತು ನಾಲಿಗೆಯ ತುದಿಗೆ ತಾನಾಗಿಯೇ ಬಂದು ನಿಂತಿತ್ತು. ಅದು ಹೊರಗೆ ಬಿದ್ದರೆ ಈ ಹುಡುಗ ಸಾಯುತ್ತಾನೆ ಎಂದು ನನಗೆ ಗೊತ್ತಿತ್ತು.

"ಬೆರಳ ಕೊಡ್ರಿ" ಎಂದೆ.

ಅವನಿಗೆ ತಿಳಿಯಲಿಲ್ಲ. ನಾನೇ ಅವನ ಕೈ ಹಿಡಿದು, ಬಟ್ಟೆಯ ಬಿಟ್ಟ ಮೂಲೆಯೊಳಗೆ ತೂರಿಸಿ, ಪೈಪಿನ ಮೇಲ್ಬದಿಗೆ ಒಯ್ದು ಒತ್ತಿದೆ. ಬೆರಳು ಒಳಗೆ ಇಳಿಯಿತು. ಹಿಂದೆ ಗೌಡರು "ಗುರಣ್ಣಾ" ಎಂದದ್ದು ಕೇಳಿಸಿತು. ನಾನು ತಿರುಗಲಿಲ್ಲ.

ಹುಡುಗ ಬೆರಳು ಹೊರಗೆ ತೆಗೆದು ಬಿಸಿಲಿಗೆ ಹಿಡಿದು ನೋಡಿದ. ಉಗುರು ಮುಚ್ಚುವಷ್ಟು ಹಸಿ ಪುಟ್ಟಿ ಹತ್ತಿತ್ತು.

"ಇದ ಯಾವಾಗ ಹಚ್ಚಿದ್ದು?"

"ಇವತ್ತ ಮುಂಜಾನಿ."

"ಯಾರು?"

"ನಾ" ಎಂದೆ.

ಗುರಣ್ಣ